ಬದುಕಿರುವವರಿಗೂ ಒಂದು ಕಟ್ಟು

"ಯಾವಾಗ ಹೋದ್ರು ಮೇಡಂ?"

ನಂಜನಗೂಡಿನ ಫೋಟೋ ಕಟ್ಟು ಹಾಕುವ ಅಂಗಡಿಯವನು ದನಿ ತಗ್ಗಿಸಿ ಕೇಳಿದ. ಅವನ ಕೈಯಲ್ಲಿದ್ದದ್ದು ನಮ್ಮ ಅತ್ತೆಯ ಚಿತ್ರ. ಚಾರ್ಟ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಮುಖ. ಅವನು ಎಷ್ಟು ಮರುಕದಿಂದ ಕೇಳಿದನೆಂದರೆ, ಒಂದು ಕ್ಷಣ ನಾನೇ ತಾರೀಖು ನೆನಪಿಸಿಕೊಳ್ಳಲು ಹೊರಟೆ.

ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಮಾತು ಬಂತು.

"ಇನ್ನೂ ಓಗಿಲ್ಲ ಕಣಪ್ಪ. ಬಿಸ್ಲು ತಗ್ಗಲಿ ಅಂತ ಕಾಯ್ತಾ ಇವ್ನಿ."

ಅತ್ತೆ. ಚಿತ್ರದಲ್ಲಿದ್ದವರೇ, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ಅಂಗಡಿಯವನು ಚಿತ್ರ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಅದೇ ಮೂಗುಬೊಟ್ಟು. ಓಲೆಯ ಭಾರಕ್ಕೆ ಇಳಿಬಿದ್ದ ಅದೇ ಕಿವಿ. ಓಡಿಹೋಗಿ ಒಂದು ಸ್ಟೂಲ್ ತಂದು ಹಾಕಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ಒಂಟಿ ಮುಖ ನಮ್ಮತ್ರ ಬರೋದೇ ಆಮೇಲೆ."

ಆಮೇಲೆ! ಎಷ್ಟು ನಾಜೂಕಾದ ಪದ ನೋಡಿ.

ಯೋಚಿಸಿದರೆ ಅವನದೇನು ತಪ್ಪು? ನಮ್ಮ ಕಡೆ ಕಟ್ಟಿನೊಳಗೆ ಹೋಗುವವರು ಎರಡೇ ಥರದವರು. ಒಂದು ದೇವರು, ಇನ್ನೊಂದು ದೇವರ ಪಾದ ಸೇರಿದವರು. (ಮದುವೆ ಫೋಟೋ ಇಲ್ಲವೇ ಅನ್ನಬೇಡಿ. ಅದರಲ್ಲಿ ಇಬ್ಬರಿರುತ್ತಾರೆ, ಹಿಂದೆ ಸ್ಟುಡಿಯೋದವನ ಜಲಪಾತವೂ ಇರುತ್ತದೆ.) ಒಂಟಿ ಮುಖಕ್ಕೆ ಕಟ್ಟು ಬಿತ್ತೆಂದರೆ ಮುಗಿಯಿತು. ಬಾಗಿಲ ಮೇಲೊಂದು ಮೊಳೆ, ಅದಕ್ಕೊಂದು ಪ್ಲಾಸ್ಟಿಕ್ ಹಾರ, ಕೆಳಗೊಂದು ಕೆಂಪು ಬಲ್ಬು, ಹಣೆಗೆ ಗಾಜಿನ ಮೇಲೆಯೇ ಕುಂಕುಮ. ಇದು ನಮಗೆಲ್ಲ ಗೊತ್ತಿರುವ ವಿಷಯವೇ. ಗೊತ್ತಿದ್ದೂ ನಾವು ಮುಂದೆ ಮಾಡಿದ ಎಡವಟ್ಟು ಕೇಳಿ.

ಅಂಗಡಿಯವನ ಹತ್ತಿರ ಇದ್ದದ್ದೆಲ್ಲ ಚಿನ್ನದ ಬಣ್ಣದ, ಬಳ್ಳಿ ಹೂವಿನ ಪಟ್ಟಿಗಳು. ರೇಟು ಕೇಳಿದ ಅತ್ತೆ, "ಅಂಗಾದ್ರೆ ಸತ್ತ ಮೇಲೇ ಹಾಕ್ಸವ್ವ, ಆಗ ನೆಂಟ್ರು ಎಲ್ರೂ ಸೇರಿ ಕೊಡ್ತಾರೆ" ಅಂದರು. ನಮ್ಮ ಹತ್ತಿರ ಇದ್ದದ್ದು ಒಂದೇ ಚಿತ್ರವಲ್ಲ, ಚಿತ್ರಗಳದೊಂದು ಸುರುಳಿ. ಅಷ್ಟೂ ಚಿತ್ರಕ್ಕೆ ಅಲ್ಲಿ ಕಟ್ಟು ಹಾಕಿಸುವುದು ಆಗುವ ಮಾತಾಗಿರಲಿಲ್ಲ. ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆವು.

ಚಿತ್ರ ಬರೆದವಳು ಅತ್ತೆಯ ಮಗಳು, ನನ್ನ ನಾದಿನಿ ಜಯ. ತಿ. ನರಸೀಪುರದಲ್ಲಿ ಮನೆ. ಅಂಗನವಾಡಿ ಟೀಚರ್ ಆಗಿದ್ದಳು. ಮಕ್ಕಳಿಗಾಗಿ ಆನೆ, ಮಾವಿನಹಣ್ಣು, ರೈಲು ಬರೆದೂ ಬರೆದೂ ಕೈ ಪಳಗಿತ್ತು. ರಿಟೈರಾದ ಮೇಲೆ ಆನೆ ಬಿಟ್ಟು ಮನುಷ್ಯರಿಗೆ ಬಂದಳು. ತನ್ನ ಬೀದಿಯ ಹೆಂಗಸರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮುಖ ಬರೆಯುತ್ತಿದ್ದಳು. ಬರೆದದ್ದನ್ನು ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಕಳೆದ ಸಲ ಹೋದಾಗ ಹಾಸಿಗೆ ಎತ್ತಿ ತೋರಿಸಿದಳು ನೋಡಿ, ನಾನು ಮಂಚದ ಅಂಚಿಗೆ ಹಾಗೇ ಕುಳಿತುಬಿಟ್ಟೆ.

ಚೌಕಾಸಿಗೆ ನಿಂತಾಗ ಒಂದೇ ಹುಬ್ಬು ಮೇಲೇರಿಸುವ ಹೆಂಗಸು. ನಗು ಬಂದರೂ ಹಲ್ಲಿಲ್ಲವೆಂದು ತುಟಿ ಬಿಗಿಹಿಡಿದ ಅಜ್ಜಿ. ಪಕ್ಕದ ಮನೆಯ ಮಾದಮ್ಮ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಆಕೆಯ ಹಣೆಯ ಗೆರೆಗಳನ್ನು ನೋಡಿದರೆ ಇವತ್ತು ಯಾವ ಹಸು ಒದೆಯಿತು ಅಂತ ಕೇಳಬೇಕು ಅನ್ನಿಸುತ್ತಿತ್ತು. ನಾನು ಇವರೆಲ್ಲರನ್ನೂ ಎಷ್ಟೋ ಸಲ ನೋಡಿದ್ದೇನೆ. ಆದರೆ ನೋಡಿಯೇ ಇರಲಿಲ್ಲ ಅಂತ ಗೊತ್ತಾದದ್ದು ಆವತ್ತೇ.

ಇನ್ನೊಂದು ವಿಷಯ ಹೇಳಬೇಕು. ಈಚೆಗೆ ಜಯಳ ಬಲಗೈ ನಡುಗುತ್ತದೆ. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿ, ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು ಅಂದಿದ್ದಾರೆ. ಬೆಳಗಿನ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಅವಳ ಮಾತು ಕೇಳುತ್ತದೆ. ಬರೆಯುವುದೆಲ್ಲ ಆ ಹೊತ್ತಿನಲ್ಲೇ. ಈಚಿನ ಚಿತ್ರಗಳಲ್ಲಿ ಗೆರೆಯೂ ಸಣ್ಣಗೆ ನಡುಗಿದೆ. ವಿಚಿತ್ರ ಏನು ಗೊತ್ತಾ? ಆ ನಡುಕದ ಗೆರೆಯಲ್ಲಿ ಬರೆದ ಕೂದಲು ಗಾಳಿಗೆ ಅಲ್ಲಾಡುತ್ತಿರುವಂತೆ ಕಾಣುತ್ತದೆ.

"ಅತ್ತಿಗೆ, ಇವ್ರನ್ನೆಲ್ಲ ನಮ್ ಹಾಲ್ ಗೋಡೆ ಮೇಲೆ ಸಾಲಾಗಿ ಹಾಕ್ಬೇಕು" ಅಂದಳು ಜಯ. "ಅವ್ರೇ ಬಂದು ಅವ್ರವ್ರ ಮುಖ ನೋಡ್ಕೋಬೇಕು. ನನ್ ಕೈ ಬಿದ್ದೋಗೋದ್ರೊಳ್ಗೆ."

ಅವಳು ಕೇಳಿದ್ದು ಇಷ್ಟೇ. ಅವಳಿಗೆ ಪ್ರದರ್ಶನ ಬೇಕಿರಲಿಲ್ಲ, ಸನ್ಮಾನ ಬೇಕಿರಲಿಲ್ಲ, ಹಾರ ತುರಾಯಿಯಂತೂ ಬೇಡವೇ ಬೇಡ. ಒಂದು ಗೋಡೆ, ಅದರ ಮುಂದೆ ಆ ಬೀದಿಯ ಹೆಂಗಸರು. ಅದಕ್ಕೇ ನಾನು ಸುರುಳಿ ಹಿಡಿದು ಕಟ್ಟಿನ ಅಂಗಡಿಗೆ ಹೋದದ್ದು. ಹೋಗಿ ಅತ್ತೆಯ ಮರಣವಾರ್ತೆ ಕೇಳಿಕೊಂಡು ಬಂದದ್ದು.

"ನಾವೇ ಮಾಡೋಣ ಬಿಡು. ನಾಲ್ಕು ಕಡ್ಡಿ, ನಾಲ್ಕು ಮೂಲೆ. ಅದರಲ್ಲೇನಿದೆ?" ಅಂದರು ನಮ್ಮ ಯಜಮಾನರು. ರಿಟೈರಾದ ಹೈಸ್ಕೂಲು ಗಣಿತದ ಮೇಷ್ಟ್ರು. ಆಯತದ ಮೇಲೆ ಅವರಿಗೆ ಅಪಾರ ವಿಶ್ವಾಸ.

ಮರಕ್ಕೆ ಹುಡುಕಾಡಬೇಕಿರಲಿಲ್ಲ. ಜಯ ಈಚೆಗೆ ತನ್ನ ಮನೆಯ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ್ದಳು; ಹೆಂಚಿನ ಕೆಳಗಿದ್ದ ರೀಪರ್ ಪಟ್ಟಿಗಳೆಲ್ಲ ಹಿತ್ತಲಲ್ಲಿ ಬಿದ್ದಿದ್ದವು. ಬಚ್ಚಲೊಲೆಗೆ ದಿನಕ್ಕಿಷ್ಟು ಹೋಗುತ್ತಿದ್ದವು. ಉಳಿದದ್ದರಲ್ಲಿ ನೆಟ್ಟಗಿದ್ದವನ್ನು ಆರಿಸಿ, ಹೊರೆ ಕಟ್ಟಿ ಬಸ್ಸಿಗೆ ಹಾಕಿಕೊಂಡು ನಂಜನಗೂಡಿಗೆ ತಂದೆವು. "ಏನ್ ಸಾ, ಮನೆನೇ ಬಿಚ್ಕೊಂಡು ಬತ್ತಿದ್ದೀರಾ?" ಅಂದ ಕಂಡಕ್ಟರ್. ಲಗೇಜ್ ಟಿಕೆಟ್ ಹರಿದು ಕೊಟ್ಟ ಮೇಲೆ ನಗತೊಡಗಿದ.

ಪಟ್ಟಿಗಳು ಅಡುಗೆಮನೆಯ ಹೊಗೆ ಕುಡಿದು ಇದ್ದಿಲಿನಂತಾಗಿದ್ದವು. ತಾರಸಿಯ ಮೇಲೆ ಕುಳಿತು ಉಪ್ಪುಕಾಗದ ಹಿಡಿದು ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಕಪ್ಪಿನ ಕೆಳಗಿನಿಂದ ಜೇನಿನ ಬಣ್ಣ ಎದ್ದು ಬಂತು. ಎಷ್ಟು ಕಾಲದ ಸಾರು, ಒಗ್ಗರಣೆ, ಸೌದೆ ಹೊಗೆಯನ್ನೆಲ್ಲ ಹೊತ್ತುಕೊಂಡು ಅದು ಒಳಗೆ ಹೀಗೆ ಹೊಳೆಯುತ್ತಾ ಇತ್ತಲ್ಲ! ಬಚ್ಚಲೊಲೆಗೆ ಇಂಥದ್ದನ್ನು ಹಾಕಿ ನೀರು ಕಾಯಿಸಿಕೊಂಡಿದ್ದೆವಲ್ಲ ಅಂತ ಹೊಟ್ಟೆ ಉರಿಯಿತು.

ಮುಂದಿನದು ಮೂಲೆ. ಮೂಲೆ ಕೂಡಬೇಕಾದರೆ ಪಟ್ಟಿಯ ತುದಿಯನ್ನು ಓರೆಗೆ ಕೊಯ್ಯಬೇಕು. ಓರೆ ಎಷ್ಟು? ಪೇಪರನ್ನು ಚೌಕಕ್ಕೆ ಕತ್ತರಿಸಿ, ಮೂಲೆಯಿಂದ ಮೂಲೆಗೆ ಮಡಚಿದರೆ ಸರಿಯಾದ ಓರೆ ಸಿಗುತ್ತದೆ. (ಯಜಮಾನರು ಮಡಚಿದ್ದು ದಿನಪತ್ರಿಕೆಯಲ್ಲಿ ನಾನು ಬರೆಯುವ ಅಂಕಣವಿದ್ದ ಪುಟ. ಅಂತೂ ಅದರಿಂದ ಒಂದು ಪ್ರಯೋಜನ ಆಯಿತು ಅಂದರು.) ಸರ್ವಿಸ್ ಪೂರ್ತಿ ನಲವತ್ತೈದು ಡಿಗ್ರಿ ಪಾಠ ಮಾಡಿದವರು ಗರಗಸ ಹಿಡಿದರೆ ಅದು ತನಗೆ ಬೇಕಾದ ಡಿಗ್ರಿಗೆ ಹೋಗುತ್ತಿತ್ತು. ಮೊದಲ ಕಟ್ಟಿನ ಮೂಲೆಗಳಲ್ಲಿ ಇರುವೆ ಸಂಸಾರ ಹೂಡಬಹುದಿತ್ತು. ಮರದ ಪುಡಿಗೆ ಗೋಂದು ಕಲಸಿ ಆ ಸಂದುಗಳಿಗೆ ಮೆತ್ತಿದೆ.

ಗೋಂದು ಒಣಗುವ ತನಕ ಮೂಲೆಗಳನ್ನು ಬಿಗಿ ಹಿಡಿಯಬೇಕಲ್ಲ? ಅದಕ್ಕೆ ಹಳೆಯ ಸೈಕಲ್ ಟ್ಯೂಬು. ಕಟ್ಟಿನ ಸುತ್ತ ಎಳೆದು ಸುತ್ತಿದರೆ ನಾಲ್ಕೂ ಮೂಲೆಗಳು ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಲು ಒಂದು ದಾರ. ಎರಡು ಕಡೆಯಿಂದಲೂ ಮೂಲೆಯಿಂದ ಮೂಲೆಗೆ ಹಿಡಿದಾಗ ದಾರ ಸಮವಾಗಿ ಬಂದರೆ ಕಟ್ಟು ನೆಟ್ಟಗಿದೆ ಅಂತ ಅರ್ಥ. ಹಿಂದಕ್ಕೆ ಸೀರೆ ಡಬ್ಬಿಯ ರಟ್ಟು, ಮುಂದಕ್ಕೆ ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ಹಾಳೆ. ಇಷ್ಟೇ ನಮ್ಮ ಕಾರ್ಖಾನೆ.

ಆದರೆ ಮೊದಲ ಚಿತ್ರವನ್ನು ಕಟ್ಟಿನೊಳಗೆ ಕೂರಿಸಿ ಎತ್ತಿ ಹಿಡಿದಾಗ ಯಜಮಾನರು ಗರಗಸ ಕೆಳಗಿಟ್ಟರು. ಅದು ಮಾದಮ್ಮನ ಮುಖ. ಹಾಸಿಗೆ ಕೆಳಗೆ ಇದ್ದಾಗಲೂ ಅದೇ ಮುಖ, ಅದೇ ಗೆರೆ. ಸುತ್ತ ನಾಲ್ಕು ಕಡ್ಡಿ ಬಂದ ಕೂಡಲೇ ಆ ಕಣ್ಣುಗಳು ನಮ್ಮನ್ನು ನೋಡತೊಡಗಿದವು. ನಾವು ಏನನ್ನೂ ಸೇರಿಸಿರಲಿಲ್ಲ. ಇಲ್ಲಿಂದ ಇಲ್ಲಿಯವರೆಗೆ ನೋಡು ಅಂತ ಒಂದು ಗಡಿ ಹಾಕಿದ್ದೆವು, ಅಷ್ಟೇ. ಒಂದು ಗಡಿಗೆ ಇಷ್ಟು ಶಕ್ತಿ ಇರುತ್ತದಾ? ನನಗೆ ಇವತ್ತಿಗೂ ಬೆರಗು ಹೋಗಿಲ್ಲ.

ಒಂದೊಂದಾಗಿ ಎಲ್ಲವನ್ನೂ ಮಾಡಿದೆವು. ಅತ್ತೆಯದೊಂದು ಉಳಿಯಿತು. ಮನೆಯವರದ್ದೇ ತಾನೆ, ಕೊನೆಗೆ ಮಾಡಿದರಾಯಿತು ಅಂದುಕೊಂಡೆ. ನರಸೀಪುರಕ್ಕೆ ಹೋಗಿ ಜಯಳ ಹಾಲ್‌ನಲ್ಲಿ ಸಾಲಾಗಿ ಮೊಳೆ ಹೊಡೆದು ನೇತುಹಾಕಿ ಬಂದೆವು. ಬೀದಿಯವರನ್ನೆಲ್ಲ ವಾರದ ಕೊನೆಗೆ ಒಟ್ಟಿಗೆ ಕರೆಯುತ್ತೇನೆ ಅಂದಿದ್ದಳು ಜಯ. ಮಾದಮ್ಮ ಪಕ್ಕದ ಮನೆಯವಳಲ್ಲವೇ, ಆಕೆಗೆ ಗೌರವದ ಜಾಗ: ನಡುಮನೆ ಬಾಗಿಲ ಮೇಲೆ.

ಎಡವಟ್ಟು ಅಂದೆನಲ್ಲ, ಅದು ಇದೇ.

ಎರಡು ದಿನ ಕಳೆದು ಮಾದಮ್ಮನ ಓರಗಿತ್ತಿ ಬನ್ನೂರಿನಿಂದ ಬಂದಳು. ಮಾದಮ್ಮ ಡೈರಿಗೆ ಹೋಗಿದ್ದಳು, ಮನೆಗೆ ಬೀಗ. ಬರುವ ತನಕ ಕೂತಿರೋಣ ಅಂತ ಜಯಳ ಮನೆಗೆ ಬಂದಳು. ಜಯ ಹಿತ್ತಲಲ್ಲಿದ್ದಳು. ಓರಗಿತ್ತಿ ತಲೆ ಎತ್ತಿದರೆ ಬಾಗಿಲ ಮೇಲೆ ಮಾದಮ್ಮ. ಒಂಟಿ ಮುಖ, ಸುತ್ತ ಕಟ್ಟು. ಸಾಲದ್ದಕ್ಕೆ ದೇವರಿಗೆ ಹಚ್ಚಿದ ಊದುಬತ್ತಿಯ ವಾಸನೆ.

"ಅಯ್ಯೋ ನನ್ನಕ್ಕ, ನಂಗೊಂದ್ ಮಾತೂ ಏಳ್ದೆ ಒಂಟೋದ್ಯಲ್ಲ" ಅಂತ ಅಲ್ಲೇ ಕುಸಿದು ರಾಗ ತೆಗೆದಳಂತೆ. ಬನ್ನೂರಿಗೆ ಫೋನೂ ಹೋಯಿತು. ಜಯ ಹಿತ್ತಲಿಂದ ಓಡಿಬರುವಷ್ಟರಲ್ಲಿ ಬೀದಿಯವರು ಬಾಗಿಲಿಗೆ ನೆರೆದಿದ್ದರು. ಅಷ್ಟರಲ್ಲಿ ಖಾಲಿ ಕ್ಯಾನು ಹಿಡಿದು ಮಾದಮ್ಮ ಬಂದಳು. ಗುಂಪು ಕಂಡು, ಸೆರಗು ಬಾಯಿಗಿಟ್ಟುಕೊಂಡು ಪಕ್ಕದವಳನ್ನು ಕೇಳಿದಳು.

"ಯಾರವ್ವ ಓಗಿದ್ದು?"

ಆವತ್ತು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಓರಗಿತ್ತಿಯೂ ನಕ್ಕಳು, ಮಾದಮ್ಮನೂ ನಕ್ಕಳು. ಮಾರನೆಯ ದಿನ ಮಾದಮ್ಮನಿಗೆ ಜ್ವರ ಬಂತು.

ಜ್ವರ ಯಾಕೆ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಳೆಯಲ್ಲಿ ಹುಲ್ಲು ಕೊಯ್ದಿದ್ದಳು. ಆದರೆ ಬೀದಿಗೆ ಬೇರೆ ಕಾರಣ ಗೊತ್ತಾಗಿತ್ತು. ಬದುಕಿರೋರಿಗೆ ಕಟ್ಟು ಹಾಕಿದ್ರೆ ಇನ್ನೇನಾಯ್ತದೆ? ಸಂಜೆಯೊಳಗೆ ಒಬ್ಬೊಬ್ಬರೇ ಬಂದು, ನೋವಾಗದ ಹಾಗೆ ಹೇಳಿ ಹೋದರಂತೆ. "ಜಯಮ್ಮ, ತಪ್ಪು ತಿಳೀಬ್ಯಾಡ ಕಣವ್ವ. ನಂದೊಂದು ಕೆಳಗಿಳಿಸ್ಬುಡು." ಯಾರೂ ತಮ್ಮ ಮುಖದ ಕಡೆ ಕಣ್ಣೆತ್ತಿ ನೋಡಲಿಲ್ಲ.

ಜಯ ಎಲ್ಲವನ್ನೂ ಇಳಿಸಿ ಗೋಣಿಚೀಲಕ್ಕೆ ತುಂಬಿದಳು. ನನಗೆ ಫೋನ್ ಮಾಡಿದಳು.

"ಅತ್ತಿಗೆ, ಇನ್ನು ಬರಿಯಲ್ಲ. ಇರೋ ಸ್ವಲ್ಪ ಕೈಯಲ್ಲಿ ಜನರನ್ನ ಹೆದರಿಸೋದ್ಯಾಕೆ?"

ಅದೆಲ್ಲ ಮೂಢನಂಬಿಕೆ ಅಂತ ಒಂದು ಭಾಷಣ ಬಿಗಿಯಬಹುದಿತ್ತು. ಭಾಷಣಕ್ಕೆ ಜ್ವರ ಇಳಿಯುತ್ತದಾ? ಜಯಳ ಕೈಯಲ್ಲಿ ಉಳಿದಿದ್ದ ದಿನಗಳು ಗೋಣಿಚೀಲದೊಳಗೆ ಕಳೆದುಹೋಗುತ್ತಿದ್ದವು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಬಂದರೆ ನಾನು ಏನಾದರೂ ಕೆಲಸ ಮಾಡುವವಳು. ತಾರಸಿಗೆ ಹೋಗಿ ಅತ್ತೆಯ ಕಟ್ಟು ಶುರು ಮಾಡಿದೆ.

ಅತ್ತೆಗೆ ಯಾವ ಭಯವೂ ಇರಲಿಲ್ಲ. "ನಂದು ಮಾಡು. ಅಂಗಡಿಯೋನೇ ಸಾಯ್ಸಿ ಆಗೈತೆ. ಎಲ್ಡನೇ ಸಲ ಏನ್ ಸಾಯದು?" ಅಂದಿದ್ದರು.

ಸಿಟ್ಟಿನಲ್ಲಿ ಗರಗಸ ಹಿಡಿಯಬಾರದು. ಪಟ್ಟಿಯ ಎರಡು ತುದಿಯ ಓರೆಗಳು ಒಂದಕ್ಕೊಂದು ಎದುರು ಬದುರಾಗಿ ಇಳಿಯಬೇಕು. ನಾನು ಎರಡನ್ನೂ ಒಂದೇ ಕಡೆಗೆ ಕೊಯ್ದುಬಿಟ್ಟೆ. ಕೊನೆಯ ಪಟ್ಟಿ ಅದು. ಮೇಲಿನದೊಂದು, ಪಕ್ಕದವೆರಡು ಸಿದ್ಧವಾಗಿದ್ದವು, ಕೆಳಗಿನದಕ್ಕೆ ಮರವಿಲ್ಲ. ಜಯಳ ಹಿತ್ತಲಲ್ಲಿ ಬಿಟ್ಟು ಬಂದದ್ದೆಲ್ಲ ಅಷ್ಟರಲ್ಲಿ ಸ್ನಾನದ ನೀರಾಗಿ ಹೋಗಿತ್ತು. ಅಟ್ಟ ಹುಡುಕಿದೆ. ಒಂದು ಮುರಿದ ಮಣೆ ಸಿಕ್ಕಿತು. ಅದರಿಂದ ಒಂದು ದಪ್ಪ, ಅಗಲದ ತುಂಡು ಕೊಯ್ದೆ. ಪಕ್ಕದ ಪಟ್ಟಿಗಳ ತಳವನ್ನು ನೇರ ಮಾಡಿ ಅದರ ಮೇಲೆ ನಿಲ್ಲಿಸಿ ಮೊಳೆ ಹೊಡೆದೆ. ಮಣೆಯ ತುಂಡು ಎರಡೂ ಕಡೆ ಒಂದಿಷ್ಟು ಆಚೆ ಚಾಚಿಕೊಂಡಿತು. ಇದೇನು ಅವತಾರ ಅಂತ ನನಗೇ ಅನ್ನಿಸಿತು. ಆದರೂ ಚಿತ್ರ ಕೂರಿಸಿ, ಕೆಳಗಿಳಿದು ಬಂದು ಅತ್ತೆಯ ಕೈಗಿತ್ತೆ.

ಅತ್ತೆ ಚಿತ್ರ ನೋಡಲಿಲ್ಲ. ಆ ಮಣೆಯ ತುಂಡಿನ ಮೇಲೆ ಕೈಯಾಡಿಸಿದರು.

"ಒಸ್ಲು ಮಡಗ್ಬುಟ್ಟಿದ್ದೀಯಲ್ಲ ಮಗ."

ಹೊಸ್ತಿಲು! ನಾನು ಮತ್ತೆ ನೋಡಿದೆ. ಹೌದಲ್ಲ. ಮೇಲೊಂದು ಅಡ್ಡ, ಪಕ್ಕಕ್ಕೆ ಎರಡು ಕಂಬ, ಕೆಳಗೆ ದಪ್ಪ ಹೊಸ್ತಿಲು. ನಾನು ಮಾಡಿದ್ದು ಕಟ್ಟಾಗಿರಲಿಲ್ಲ, ಬಾಗಿಲಾಗಿತ್ತು. ಅದರೊಳಗೆ ನಮ್ಮ ಅತ್ತೆ, ಸಂಜೆ ಹೊತ್ತು ಯಾರು ಹೋದರು ಯಾರು ಬಂದರು ಅಂತ ನೋಡುತ್ತಾ ನಿಲ್ಲುತ್ತಾರಲ್ಲ, ಹಾಗೇ ನಿಂತಿದ್ದರು.

"ಇದ್ನ ಮೇಲೆ ತಗುಲಾಕ್ಬ್ಯಾಡ" ಅಂದರು ಅತ್ತೆ. "ಸತ್ತೋರು ಬಾಗ್ಲು ಮೇಲಿರ್ತಾರೆ. ಇರೋರು ಬಾಗ್ಲಲ್ಲಿ ನಿಂತ್ಕತಾರೆ."

ಇಷ್ಟು ಹೇಳಿ ಕಾಫಿ ಕೇಳಿದರು. ನಾನು ಕಾಫಿ ಇಡುವುದನ್ನೂ ಮರೆತು ನಿಂತಿದ್ದೆ.

ಇಂಡಸ್ಟ್ರಿಯಲ್ ಏರಿಯಾ ಕಡೆಯ ಗುಜರಿ ಅಂಗಡಿಯಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು ರಾಶಿ ಬಿದ್ದಿರುತ್ತವೆ. ಯಜಮಾನರು ಹೋಗಿ ಒಂದು ಹೊರೆ ತಂದರು. ಈ ಸಲ ನರಸೀಪುರದಲ್ಲೇ ಕೆಲಸ. ಗೋಣಿಚೀಲ ಬಿಚ್ಚಿ, ಕಟ್ಟುಗಳ ಕೆಳಗಿನ ಪಟ್ಟಿ ಕಿತ್ತು, ಒಂದೊಂದಕ್ಕೂ ಹೊಸ್ತಿಲು ಕೂರಿಸಿದೆವು. ಜಯ ದೂರದಲ್ಲಿ ಕುರ್ಚಿ ಹಾಕಿಕೊಂಡು, ಬಲಗೈಯನ್ನು ಎಡಗೈಯಿಂದ ಹಿಡಿದು ಕುಳಿತಿದ್ದಳು. ಮೊಳೆಗಳನ್ನು ಕೆಳಕ್ಕೆ ಹೊಡೆದು, ಒಬ್ಬರ ಎದುರು ಒಬ್ಬರು ನಿಂತು ಮಾತಾಡುವಷ್ಟೇ ಎತ್ತರಕ್ಕೆ ನೇತುಹಾಕಿದೆವು. ಮೊದಲಿಗೆ ಅತ್ತೆಯ ಚಿತ್ರ.

ನಮ್ಮ ಜೊತೆ ಬಂದಿದ್ದ ಅತ್ತೆ ಜಗಲಿಯ ಮೇಲೆ ಕುಳಿತು ಬೀದಿಯ ಕಡೆ ನೋಡಿದರು. "ಮಾದವ್ವ, ಬಾ ಇಲ್ಲಿ. ನಾನು ಒಳಗೂ ಇವ್ನಿ, ಈಚೆಗೂ ಇವ್ನಿ. ಯಾವುದು ದಪ್ಪ ನೋಡು ಬಾ."

ಮಾದಮ್ಮನ ಜ್ವರ ಬಿಟ್ಟಿತ್ತು. ಬಂದಳು, ಆದರೆ ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತಳು, ಒಂದು ಕೈ ಬಾಗಿಲುವಾಡದ ಮೇಲೆ. ಅಲ್ಲಿಂದಲೇ ಕಣ್ಣು ಹಾಯಿಸಿದಳು. ಎದುರಿನ ಗೋಡೆಯಲ್ಲಿ, ಅವಳದೇ ಎತ್ತರದಲ್ಲಿ, ಇನ್ನೊಂದು ಬಾಗಿಲಲ್ಲಿ ಇನ್ನೊಬ್ಬ ಮಾದಮ್ಮ ನಿಂತಿದ್ದಳು.

ಮಾದಮ್ಮ ನಿಧಾನಕ್ಕೆ ಒಳಗೆ ಬಂದಳು. ಹತ್ತಿರ ಹೋದಳು. ಚಿತ್ರದ ಹಣೆ ನೋಡುತ್ತಾ ತನ್ನ ಹಣೆ ಮುಟ್ಟಿಕೊಂಡಳು.

"ನಮ್ಮನೇಲಿ ಇರೋದು ಅಂಗೈಯಗಲ ಕನ್ನಡಿ. ಕುಂಕುಮ ಇಡುವಾಗ ಅಣೆ ಕಾಣ್ತದೆ, ತಲೆ ಬಾಚುವಾಗ ಬೈತಲೆ ಕಾಣ್ತದೆ" ಅಂದಳು. "ಮೊಕ ಪೂರ್ತಿ ಒಟ್ಗೇ ನೋಡಿದ್ದು ಇವತ್ತೇ ಕಣವ್ವ ಜಯಮ್ಮ."

ಆಮೇಲೆ ದೇವರ ಗೂಡಿಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತೆಗೆದುಕೊಂಡಳು. ಚಿತ್ರದ ಹಣೆಗೆ ಇಟ್ಟಳೋ, ಎಲ್ಲ ಮುಗಿಯಿತು. ಮತ್ತೆ ಅದೇ ಗೋಣಿಚೀಲ. ಜಯ ಕುರ್ಚಿಯಿಂದ ಅರ್ಧ ಎದ್ದಿದ್ದಳು.

ಮಾದಮ್ಮ ಬಗ್ಗಿದಳು. ಅರಿಶಿನ ತೆಗೆದು ಚಿತ್ರದ ಹೊಸ್ತಿಲಿಗೆ ಸವರಿದಳು. ಅದರ ಮೇಲೆ ಸಾಲಾಗಿ ಕುಂಕುಮದ ಬೊಟ್ಟು ಇಟ್ಟಳು. ಶುಕ್ರವಾರ ಬೆಳಗ್ಗೆ ಅವಳು ತನ್ನ ಮನೆಯ ಹೊಸ್ತಿಲಿಗೆ ಇಡುತ್ತಾಳಲ್ಲ, ಹಾಗೇ. ಹಣೆಯನ್ನು ಮುಟ್ಟಲಿಲ್ಲ. ಅಲ್ಲಿಯ ಬೊಟ್ಟನ್ನು ಜಯ ಮೊದಲೇ ಇಟ್ಟಿದ್ದಳು, ಪೆನ್ಸಿಲಿನಲ್ಲಿ.

ಸಂಜೆಯ ಹೊತ್ತಿಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರೂ ತಮ್ಮ ಬಾಗಿಲ ಮುಂದೆ ನಿಂತರು. ಹಲ್ಲಿಲ್ಲದ ಅಜ್ಜಿ ತನ್ನ ಬಿಗಿದ ತುಟಿ ನೋಡಿ ಬಾಯಿ ತುಂಬ ನಕ್ಕಿತು. ಹುಬ್ಬಿನವಳು ಹುಬ್ಬೇರಿಸಿ, "ನನ್ ಮೂಗು ಇಷ್ಟುದ್ದ ಇಲ್ಲ ಬುಡು" ಅಂತ ಮೂಗಿಗೂ ಚೌಕಾಸಿ ಮಾಡಿದಳು. ನಾನು ಒಂದು ಮೂಲೆಯಲ್ಲಿ ನಿಂತು ಗೋಡೆಯ ಮೇಲಿನವರನ್ನೂ ಗೋಡೆಯ ಮುಂದಿನವರನ್ನೂ ನೋಡುತ್ತಿದ್ದೆ. ದೇವಸ್ಥಾನದಲ್ಲಿ ಮಂಗಳಾರತಿ ಎತ್ತಿದಾಗಲೂ ನನ್ನ ಮನಸ್ಸು ಅಷ್ಟು ತುಂಬಿದ್ದಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಹೊರಗೆ ಹೋಗುತ್ತಿದ್ದೆ. ಜಯ ಮಾತ್ರೆ ನುಂಗಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ಪೆನ್ಸಿಲು.

"ಅತ್ತಿಗೆ, ಹೊಸ್ತಿಲು ದಾಟ್ಬೇಡಿ. ಅಲ್ಲೇ ನಿಂತ್ಕೊಳ್ಳಿ."

ನಿಂತುಕೊಂಡೆ. ಕಾಫಿ ಆರಿತು, ಕಾಲು ಹಿಡಿಯಿತು, ಆದರೂ ಅಲುಗಲಿಲ್ಲ. ನನ್ನ ಮುಖವನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಪೆನ್ಸಿಲು ಸಣ್ಣಗೆ ನಡುಗುತ್ತಾ ಹಾಳೆಯ ಮೇಲೆ ಸರಿಯುವ ಸದ್ದು ಬಾಗಿಲ ತನಕ ಕೇಳುತ್ತಿತ್ತು.

ಅಂದಹಾಗೆ, ನಿಮ್ಮ ಮನೆಯ ಗೋಡೆಯ ಮೇಲೆ ಬದುಕಿರುವವರು ಯಾರಿದ್ದಾರೆ?